ಸೂಜಿ ತೋರಿಸಿ ಮಾತ್ರೆ ಮುಚ್ಚಿಟ್ಟವರಿಗೆ

ಆಸ್ಪತ್ರೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಆಸ್ಪತ್ರೆಯ ಕಾಯುವ ಕೋಣೆಯ ಟಿ.ವಿ. ಪರದೆಯ ಮೇಲೆ ನಮ್ಮಪ್ಪ ಇವತ್ತಿಗೂ ಒಬ್ಬರ ಗಡ್ಡ ಬೋಳಿಸುತ್ತಿದ್ದಾರೆ. ಮನೆಯಲ್ಲಿ ಅದೇ ಅಪ್ಪನಿಗೆ ತುಟಿಯ ಮೇಲೆ ಕೂತ ನೊಣ ಓಡಿಸಲು ಆಗುತ್ತಿಲ್ಲ. ಈ ಪವಾಡದ ಮೊದಲರ್ಧವನ್ನು ಮಾತ್ರ ತಾವು ಪ್ರಚಾರ ಮಾಡುತ್ತಿರುವುದರಿಂದ, ಉಳಿದರ್ಧವನ್ನು ಸಾರ್ವಜನಿಕರಿಗೆ ತಿಳಿಸುವ ಸೇವೆ ನನ್ನ ಪಾಲಿಗೆ ಬಂದಿದೆ.

ಅಪ್ಪ ಕ್ಷೌರಿಕರು. ಪಾರ್ಕಿನ್ಸನ್ ಕಾಯಿಲೆಯಿಂದ ಬಲಗೈ ನಡುಗತೊಡಗಿದ ಮೇಲೆ ಅಂಗಡಿಯ ಕುರ್ಚಿಯ ಹಿಂದೆ ನಾನು ನಿಂತೆ. ಅವರು ಬೆಂಚಿನ ಮೇಲೆ ಕೂತು ನನ್ನ ಕೆಲಸದಲ್ಲಿ ಹುಳುಕು ಹುಡುಕತೊಡಗಿದರು. ನಿಮ್ಮಲ್ಲಿಯ ನರರೋಗ ತಜ್ಞೆ ಮಾತ್ರೆ ಬರೆದುಕೊಟ್ಟು, "ಜೊತೆಗೆ ಅಕ್ಯುಪಂಕ್ಚರ್ ಬೇಕಾದ್ರೆ ಮಾಡಿಸಿ. ಆದ್ರೆ ಮಾತ್ರೆ ಬಿಡೋ ಹಾಗಿಲ್ಲ" ಎಂದಿದ್ದರು. ಸೂಜಿಯ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮಲ್ಲಿ ಚುಚ್ಚಿಸಿಕೊಂಡ ದಿನ ಅಪ್ಪನ ಕತ್ತಿನ ಬಿಗಿ ಸಡಿಲವಾಗುತ್ತಿತ್ತು, ನಿದ್ದೆ ಹತ್ತುತ್ತಿತ್ತು. ನಮಗೆ ಅಷ್ಟು ಸಾಕಾಗಿತ್ತು. ತಮಗೆ ಸಾಲಲಿಲ್ಲ.

ಆ ಪ್ರಚಾರ ಚಿತ್ರದ ಚಿತ್ರೀಕರಣದ ದಿನ ತಾವು ಕೇಳಿದ ಮೊದಲ ಪ್ರಶ್ನೆಯೇ "ಮಾತ್ರೆ ತಗೊಂಡ್ರಾ?" ಎಂಬುದು. ಅದು ಕೆಲಸ ಮಾಡಿ ಕೈ ನಡುಕ ನಿಲ್ಲುವವರೆಗೆ ಕಾದು, ಆಮೇಲೆ ಕ್ಯಾಮೆರಾ ಶುರು ಮಾಡಿಸಿದಿರಿ. ಅಂದರೆ ತಮಗೆ ಎಲ್ಲವೂ ಗೊತ್ತಿತ್ತು. ಅಪ್ಪ ನಿಮ್ಮ ಸಹಾಯಕನ ಗಡ್ಡ ನುಣ್ಣಗೆ ಬೋಳಿಸಿದರು, ತಾವು ಅಡಿಯಲ್ಲಿ "ನಡುಕ ಗೆದ್ದ ಸೂಜಿ" ಎಂದು ಬರೆಸಿದಿರಿ. ಮಾತ್ರೆಯ ಸುದ್ದಿಯೇ ಇಲ್ಲ.

ಈ ಚಿತ್ರವನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಯಾರು ಗೊತ್ತೇ? ನಮ್ಮಪ್ಪ. ಚಿಕಿತ್ಸೆಗೆ ಬಂದಾಗಲೆಲ್ಲ ಪರದೆಯ ಮೇಲೆ ತಮ್ಮದೇ ಕೈಯನ್ನು ನೋಡುತ್ತ ಕೂರುತ್ತಿದ್ದರು. ಅಕ್ಕಪಕ್ಕದ ರೋಗಿಗಳು ಬಂದು ಮಾತಾಡಿಸುತ್ತಿದ್ದರು. ಮುದುಕ ಉಬ್ಬಿಹೋದರು, ನನಗೆ ಹೇಳದೆ ಮಾತ್ರೆ ಬಿಟ್ಟರು. ಗೊತ್ತಾದ ದಿನ ನಾನು ಕೂಗಾಡಿದೆ.

"ಅಪ್ಪಾ, ಚಿತ್ರ ತೆಗೆದ ದಿನ ನಾನೇ ಮಾತ್ರೆ ನುಂಗಿಸಿದ್ನಲ್ಲ."

"ಪರದೆ ಮೇಲೆ ಎಲ್ಲಿದೆ ಮಾತ್ರೆ? ನಾನು ಹುಷಾರಾದ್ರೆ ಕುರ್ಚಿ ಕೈತಪ್ಪುತ್ತೆ ಅಂತ ನಿನಗೆ ಹೊಟ್ಟೆಯುರಿ."

ಅವರು ನನಗೆ ಸ್ಪಷ್ಟವಾಗಿ ಆಡಿದ ಕೊನೆಯ ಮಾತು ಅದು. ಮಾತ್ರೆ ಏಕಾಏಕಿ ನಿಂತದ್ದಕ್ಕೆ ಮರುದಿನ ಜ್ವರ ಏರಿತು, ಮೈ ಮರಗಟ್ಟಿತು, ಮಾತು ತೊದಲಿತು. ಮಾತ್ರೆ ಮತ್ತೆ ಶುರು ಮಾಡಿದರೂ ಹೋದದ್ದು ವಾಪಸು ಬರಲಿಲ್ಲ.

ಕೇಳಲು ಬಂದ ನನಗೆ ತಾವು ಕುಡಿಯಲು ನೀರು ತರಿಸಿ, ಶಾಂತವಾಗಿ ವಿವರಿಸಿದಿರಿ: "ಇದರಲ್ಲಿ ಸುಳ್ಳೇನಿದೆ ತೋರಿಸಮ್ಮ. ಕೈ ಅವರದ್ದೇ, ಸೂಜಿ ನಮ್ಮದೇ. ಮಾತ್ರೆ ಬಿಡಿ ಅಂತ ನಾವು ಹೇಳಿದ್ವಾ?" ಇಲ್ಲ ಸ್ವಾಮಿ, ತಾವು ಹೇಳಲಿಲ್ಲ. ಅವರ ಕೈಯಿಂದಲೇ ಅವರಿಗೆ ಹೇಳಿಸಿದಿರಿ. ಇಷ್ಟು ಅಚ್ಚುಕಟ್ಟಾಗಿ ಕೈ ತೊಳೆದುಕೊಳ್ಳುವವರನ್ನು ನಾನು ಶಸ್ತ್ರಚಿಕಿತ್ಸಾ ವಿಭಾಗದಲ್ಲೂ ಕಂಡಿಲ್ಲ.

ಆ ಚಿತ್ರವನ್ನು ಇಳಿಸಿ. ಅದನ್ನು ನೋಡಿ ಇನ್ಯಾರ್ಯಾರು ಮಾತ್ರೆ ಬಿಟ್ಟಿದ್ದಾರೋ ಹುಡುಕಿ, ಕರೆದು ನಿಜ ಹೇಳಿ. ಅಗತ್ಯವಿಲ್ಲ ಎನ್ನುವಿರಾದರೆ, ಗಡ್ಡ ಬೆಳೆಸಿಕೊಂಡು ನಮ್ಮ ಅಂಗಡಿಗೆ ದಯಮಾಡಿಸಿ. ಬೆಳಗಿನ ಮಾತ್ರೆಗೆ ಮುಂಚೆ ಅಪ್ಪನನ್ನು ಕುರ್ಚಿಯ ಹಿಂದೆ ನಿಲ್ಲಿಸಿ, ಬೀಳದಂತೆ ನಾನೇ ಹಿಡಿದುಕೊಂಡಿರುತ್ತೇನೆ. ಅವರಿಗೆ ಸೂಜಿ ತಮಗೆ ತೃಪ್ತಿಯಾಗುವಷ್ಟು ಚುಚ್ಚಿ. ಕ್ಯಾಮೆರಾ ಮರೆಯಬೇಡಿ. ಆಮೇಲೆ ಗಲ್ಲ ಎತ್ತಿ, ಕಣ್ಣು ಮುಚ್ಚಿ ಕೂತುಕೊಳ್ಳಿ. ಕ್ಷೌರದ ಕತ್ತಿಯನ್ನು ನಾನು ಅವರ ಕೈಗೆ ಕೊಡುತ್ತೇನೆ.

ಇಂತಿ,
ತಮ್ಮ ಚಿತ್ರದ ನಾಯಕನಿಗೆ ಚಮಚದಲ್ಲಿ ನೀರು ಕುಡಿಸುವ ಹೊಟ್ಟೆಕಿಚ್ಚಿನ ಮಗಳು