ಹುಟ್ಟಿದ ತಾರೀಖು ಗೊತ್ತಿಲ್ಲದವರು

ಸೂಪರ್ ಮಾರ್ಕೆಟ್, ಕಲಬುರ್ಗಿ
೧೧ ಸೆಪ್ಟೆಂಬರ್ ೨೦೦೩

ಸೂರ್ಯಕಾಂತ ಅವರಿಗೆ ಜಾನಕಿಯ ನಮಸ್ಕಾರಗಳು.

ಬೀದರಿನ ಹೊಸ ಕೆಲಸ ನಿಮಗೆ ಒಗ್ಗಿದೆ ಎಂದು ನಮ್ಮ ಆಫೀಸಿನ ಇಮಾಮುದ್ದೀನ್ ಯಾರಿಂದಲೋ ಕೇಳಿ ಬಂದು ಹೇಳಿದರು. ಆರು ತಿಂಗಳಿಂದ ಬರೆಯಬೇಕೆಂದುಕೊಂಡು ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಮುಖವಿರಲಿಲ್ಲ.

ನಮ್ಮ ಐದು ಜನರ ಕಂಪನಿಯ ಮೊದಲ ಕಂಪ್ಯೂಟರ್ ಪ್ರೋಗ್ರಾಂ, ಕಮಲಾಪುರದ ಆ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ದಾಖಲಿಸುವುದು, ಚೆನ್ನಾಗಿ ನಡೆಯುತ್ತಿದೆ ಎಂದು ಹಿಗ್ಗಿದ್ದೆ. ಹುಟ್ಟಿದ ತಾರೀಖು ತುಂಬದೆ ಅದು ಮುಂದೆ ಹೋಗದಂತೆ ಮಾಡಿಸಿದವಳು ನಾನು. ನೀವು ಬೇಡವೆಂದಿರಿ. "ಮೇಡಂ, ನಮ್ಮವ್ವಗ ತಾ ಹುಟ್ಟಿದ ತಾರೀಖ ಗೊತ್ತಿಲ್ರಿ. ಅಲ್ಲಿ ಬರೋರು ಬಾಳ ಮಂದಿ ಹಂಗೇ ಇರ್ತಾರ. ಒಮ್ಮೆ ಹೋಗಿ ಆ ಹೆಸರು ಬರೆಸೋ ಕಿಟಕಿ ಹತ್ರ ಕುಂದರೂಣು ಬರ್ರಿ" ಎಂದಿರಿ. ನಿಮ್ಮ ಮನೆಯ ಕತೆ ಇಟ್ಟುಕೊಂಡು ಪ್ರೋಗ್ರಾಂ ಬರೆಯಲಾಗದು ಎಂದು ಎಲ್ಲರೆದುರು ಹೇಳಿಬಿಟ್ಟೆ. ಮರುದಿನ ನಿಮ್ಮ ಬಳಿಯಿದ್ದ ಆಫೀಸಿನ ಕೀಲಿಕೈ ನನ್ನ ಮೇಜಿನ ಮೇಲಿತ್ತು, ನೀವು ಮತ್ತೆ ಬರಲಿಲ್ಲ.

ಬ್ರಹ್ಮಪುರದ ನಮ್ಮ ಮನೆಯಲ್ಲಿ ಹುಟ್ಟಿದ ಗಳಿಗೆ ಸಮೇತ ಬರೆದಿಟ್ಟ ಜಾತಕಗಳಿವೆ. ಎಲ್ಲರ ಮನೆಯೂ ಹಾಗೇ ಎಂದುಕೊಂಡು ಬೆಳೆದವಳು ನಾನು. ಅಂದಿನ ನನ್ನ ಮಾತಿನಲ್ಲಿ ಆ ಮನೆಯ ಗತ್ತೂ ಇತ್ತು. ಅದು ನಿಮಗೆ ಕೇಳಿಸಿತ್ತು ಎಂದು ಬಲ್ಲೆ.

ಹೋದ ತಿಂಗಳು ಆಸ್ಪತ್ರೆಯಿಂದ ಫೋನ್ ಬಂತು. ಒಂದೇ ಊರಿನ ಇಬ್ಬರು ಮಾನಮ್ಮಂದಿರು, ಇಬ್ಬರ ತಾರೀಖೂ ೧ ಜನವರಿ ೧೯೪೦. ಒಬ್ಬಾಕೆಗೆ ಪೆನಿಸಿಲಿನ್ ಒಗ್ಗುವುದಿಲ್ಲ. ಆಕೆ ಬಂದಾಗ ತೆರೆಯ ಮೇಲೆ ಇನ್ನೊಬ್ಬಳ ದಾಖಲೆ ಬಂತು. ಡಾಕ್ಟರು ಅದನ್ನೇ ನೋಡಿ ಪೆನಿಸಿಲಿನ್ ಇಂಜೆಕ್ಷನ್ ಬರೆದರು. ಕಿಟಕಿಯಲ್ಲಿ ಹೆಸರು ಬರೆಯುವ ಶೇವಂತಾಗೆ ಇಬ್ಬರ ಮುಖದ ಗುರುತೂ ಇತ್ತು. ದಾಖಲೆ ಅದಲುಬದಲಾಗಿದೆ ಎಂದು ಹೊಳೆದದ್ದೇ ಓಡಿಹೋಗಿ ನರ್ಸಿನ ಕೈ ಹಿಡಿದಳಂತೆ. ಮಾನಮ್ಮ ಉಳಿದರು.

ಅಂದೇ ಕಮಲಾಪುರಕ್ಕೆ ಹೋದೆ. ಹೀಗೇಕೆ ತಾರೀಖು ತುಂಬಿದೆ ಎಂದು ಶೇವಂತಾಳನ್ನೇ ದಬಾಯಿಸಿದೆ, ನೋಡಿ ನನ್ನ ಬುದ್ಧಿ. ಅವಳು ಹೆದರಲಿಲ್ಲ. "ಅಕ್ಕೋರ, ನಿಮ್ಮ ಮಶೀನ ತಾರೀಖ ಕೇಳ್ತದ್ರಿ. ಇವರು ಬರಗಾಲ ಬಿದ್ದ ವರ್ಷ ಹುಟ್ಟೀನಿ ಅಂತಾರ. ಹಿಂದ ಪಾಳಿ ಹಚ್ಚಿ ನಿಂತಿರ್ತಾರ. ಅದಕ್ಕ ಮುದುಕರಿಗೆಲ್ಲ ಒಂದೇ ತಾರೀಖ ಹೊಡೀತೀನ್ರಿ" ಎಂದಳು.

ನಾಲ್ಕು ದಿನ ಅವಳ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತೆ. ಯಾರೇ ಬರಲಿ, ಅವಳು ಮೊದಲು ಕೇಳುವುದು ಯಾರ ಪೈಕಿ, ತವರುಮನೆ ಯಾವೂರು ಎಂದು. ಅಷ್ಟರಲ್ಲೇ ಗುರುತು ಹತ್ತುತ್ತಿತ್ತು. ಈಗ ನಮ್ಮ ಪ್ರೋಗ್ರಾಮೂ ಅದನ್ನೇ ಕೇಳುತ್ತದೆ. ತಾರೀಖು ಗೊತ್ತಿದ್ದರೆ ಸರಿ, ಇಲ್ಲದಿದ್ದರೆ ಅಂದಾಜು ವಯಸ್ಸು ಸಾಕು. ಒಗ್ಗದ ಔಷಧಿ ಕೆಂಪಕ್ಷರದಲ್ಲಿ ಮೇಲೆಯೇ ಕಾಣುತ್ತದೆ. ನೀವು ಅಂದು ಹೇಳಿದ್ದಕ್ಕಿಂತ ಹೊಸದೇನನ್ನೂ ನಾನು ಮಾಡಿಲ್ಲ.

ಯಜಮಾನಿಕೆ ಎಂದರೆ ಎಲ್ಲರಿಗಿಂತ ಮೊದಲು ಉತ್ತರ ಹೇಳುವುದು ಎಂದುಕೊಂಡಿದ್ದೆ. ಅದರ ಬೆಲೆಯನ್ನು ಮಾನಮ್ಮ ತೆರಬೇಕಾಗುತ್ತಿತ್ತು.

ವಾಪಸು ಬನ್ನಿ ಎನ್ನಲು ನನಗೆ ಹಕ್ಕಿಲ್ಲ. ಬಂದರೆ ನನ್ನ ಕೈಕೆಳಗೆ ಅಲ್ಲ, ಸಮಸಮವಾಗಿ. ಬರದಿದ್ದರೂ ನಿಮ್ಮ ಮೇಲೆ ಬೇಸರವಿಲ್ಲ.

ಇಂತಿ,
ಜಾನಕಿ

ತಾ.ಕ.: ನೀವಾಗಿ ಬಿಟ್ಟಿರೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಸರಿಯಿಲ್ಲವೆಂದು ನಾನೇ ತೆಗೆದೆ ಎಂದು ಹೇಳಿದ್ದೆ. ಇಂದು ಬೆಳಿಗ್ಗೆ ಆಫೀಸಿನ ಉಳಿದ ಮೂವರನ್ನೂ ಕೂರಿಸಿಕೊಂಡು, ಅದು ಸುಳ್ಳೆಂದು ಒಪ್ಪಿ, ಈ ಪತ್ರವನ್ನು ಗಟ್ಟಿಯಾಗಿ ಓದಿದೆ. ನಿಮ್ಮ ತಾಯಿಯ ಮಾತು ಬಂದಲ್ಲಿ ಹಾಳೆಯನ್ನು ಇಮಾಮುದ್ದೀನರ ಕೈಗಿಟ್ಟೆ. ಉಳಿದದ್ದನ್ನು ಅವರು ಓದಿದರು.