ಮಾವನ ಸಹಿ ಕೇಳಿ ಬಂದ ಕಾಗದ

ಹಾನೋ ದ್ವೀಪ, ಟೋಂಗಾ
೧೪ ಆಗಸ್ಟ್ ೨೦೧೮

ನನ್ನ ಒಡತಿ, ಅಕ್ಕನ ಮಗಳು ಫುಸಿಪಾಲಾಳಿಗೆ ಫೋಲೌ ಮಾವನ ಮುತ್ತುಗಳು.

ನಾವೆಲ್ಲ ಕ್ಷೇಮ. ಉತ್ತರ ತಡವಾಯಿತು, ತಪ್ಪಾಯಿತು. ದೋಣಿ ತಪ್ಪಿತು, ಕೈ ನೋಯುತ್ತಿತ್ತು ಎಂದೆಲ್ಲ ಬರೆಯಬಹುದಿತ್ತು. ನಿಜವೆಂದರೆ ಮೂರು ವಾರದಿಂದ ಸಿಟ್ಟಿನಲ್ಲಿದ್ದೇನೆ. ಏಳನೆಯ ತರಗತಿಯನ್ನು ಎರಡು ಸಲ ಓದಿದವನು ನಾನು. ಸಿಟ್ಟಿನಲ್ಲೂ ಅಕ್ಷರ ಎಷ್ಟು ದುಂಡಗಿದೆ ನೋಡು.

ಆಕ್ಲೆಂಡಿನ ನಿನ್ನ ನಾಟಕದ ಆಫೀಸಿನಿಂದ ಕಾಗದ ಬಂತು. ‘ಮಾನ್ಯ ಫೋಲೌ ಅವರೇ, ನಮ್ಮ ನಿರ್ದೇಶಕಿಯ ಹೊಸ ಪ್ರಯೋಗದಲ್ಲಿ, ತಮ್ಮ ಸ್ವತ್ತಾದ, ಮರದ ತೊಗಟೆ ಬಡಿದು ನಾರುಬಟ್ಟೆ ಮಾಡುವ ಹಳೆಯ ದಿಮ್ಮಿಯನ್ನು ಬಳಸಲು ಒಪ್ಪಿಗೆ ಕೋರುತ್ತೇವೆ. ಮಾಲೀಕರು ಇಲ್ಲಿ ಸಹಿ ಮಾಡುವುದು.’ ಅದರ ಕೆಳಗೆ ನಿನ್ನ ಸಹಿ! ಟೈಪು ಮಾಡಿದವರು ಯಾರಾದರೂ ಇರಲಿ, ಸಹಿ ಹಾಕಿದ ಕೈ ನಿನ್ನದು.

ಯಾರೇ ಮಾಲೀಕ? ನಿನ್ನ ಆಫೀಸಿನವರಿಗೆ ಹೇಳು: ನಮ್ಮಲ್ಲಿ ಸೋದರಮಾವನ ಮನೆಗೆ ಅಕ್ಕನ ಮಕ್ಕಳೇ ಒಡೆಯರು. ನೀನು ನನ್ನ ಫಾಹು. ಹಂದಿ ಬೇಕೆಂದರೆ ಹಂದಿ, ಚಾಪೆ ಬೇಕೆಂದರೆ ಚಾಪೆ ಎತ್ತಿಕೊಂಡು ಹೋಗುವವಳು. ಕೇಳಿ ಪಡೆಯುವವರು ಹೊರಗಿನವರು.

ಆ ಕಾಗದ ನೋಡಿ ನಿನ್ನ ಅತ್ತೆ ಲಾತೂ, “ಸಹಿ ಗೀಚಿ ಕಳಿಸೋ. ಇಂಕು ಉಳಿಸಿ ಅರಮನೆ ಕಟ್ಟಿಸ್ತೀಯಾ?” ಎಂದಳು.

“ಹೊಟ್ಟೆ ಉರೀತಿದೆ ಕಣೇ.”

“ಉರೀತಿರೋದು ಹೊಟ್ಟೆಯಲ್ಲ, ನಿನ್ನ ಜಂಬ!”

ಇರಬಹುದು. ಜಂಬ ಪಡುವಷ್ಟು ನಾನು ಮಾಡಿದ್ದೇನೆ. ನಿನ್ನ ಮೊದಲ ಚಿತ್ರಕಲಾ ಪ್ರದರ್ಶನ ಆಕ್ಲೆಂಡಿನಲ್ಲಾಯಿತೆಂದು ಪತ್ರಿಕೆಯವರು ಬರೆದಿದ್ದಾರೆ. ಶುದ್ಧ ಸುಳ್ಳು! ಅದು ನಡೆದದ್ದು ನನ್ನ ಬೆನ್ನ ಮೇಲೆ. ಆರು ವರ್ಷದವಳು, ಅಜ್ಜಿಯ ಮಸಿಬಣ್ಣ ಕದ್ದು ನನ್ನ ಬಿಳಿ ಅಂಗಿಗೆ ತಿಮಿಂಗಿಲ ಬರೆದೆ. ನಾನು ಅದನ್ನೇ ತೊಟ್ಟು ಚರ್ಚಿಗೆ ಹೋದೆ.

“ಏನಯ್ಯಾ ಫೋಲೌ, ಬೆನ್ನ ಮೇಲೇನದು?” ಎಂದರು ಪಾದ್ರಿಗಳು.

“ನನ್ನ ಫಾಹು ಬರೆದಿದ್ದಾಳೆ ಸ್ವಾಮಿ. ಒಗೆಯೋಕೆ ನನಗೆ ಹಕ್ಕಿಲ್ಲ.”

ಹತ್ತು ವರ್ಷಕ್ಕೆ ನನ್ನ ದೋಣಿಯ ಹಾಯಿ ಕತ್ತರಿಸಿ ನಾಟಕದ ಪರದೆ ಮಾಡಿದೆ. ಎರಡು ತಿಂಗಳು ಮನೆಯಲ್ಲಿ ಮೀನಿಲ್ಲ. ಆಗ ಯಾವ ಕಾಗದ ಕಳಿಸಿದ್ದೆ?

ಆಕ್ಲೆಂಡಿಗೆ ಬಂದು ನಿನ್ನ ದೊಡ್ಡ ನಾಟಕವನ್ನೂ ನೋಡಿದೆನಲ್ಲ. ಅಂಗಳದಷ್ಟು ಅಗಲದ ನಾರುಬಟ್ಟೆಯ ಕೆಳಗೆ ಹನ್ನೆರಡು ಜನ ಒಂದು ಗಂಟೆ ಮಾತಿಲ್ಲದೆ ಉಸಿರಾಡಿದರು. ಪಕ್ಕದಲ್ಲಿದ್ದ ಬಿಳಿಯ, ಕೈಯಲ್ಲಿ ಪುಸ್ತಕ ಪೆನ್ನು ಹಿಡಿದವನು, “ಇದರ ಅರ್ಥ ಏನಿರಬಹುದು?” ಎಂದ. “ಸಮುದ್ರ ಮಲಗಿದೆ ಕಣಯ್ಯಾ, ಎಬ್ಬಿಸಬೇಡ” ಎಂದೆ. ಮರುದಿನ ಪತ್ರಿಕೆಯಲ್ಲಿ ಅದೇ ಮಾತು ಅಚ್ಚಾಗಿತ್ತು, ಅವನ ಹೆಸರಿನಲ್ಲಿ! ನಿನಗೆ ಬಂದ ಕೀರ್ತಿಯಲ್ಲಿ ಅರ್ಧ ನನ್ನದು. ಬೇಡ, ಮುಕ್ಕಾಲು ಎಂದಿಟ್ಟುಕೋ.

ಅಂಥ ನನ್ನನ್ನು ‘ಮಾನ್ಯ’ ಎಂದು ಕರೆದೆಯಲ್ಲ, ಮಗಳೇ. ಬಾಯಿಗೆ ಬಂದಂತೆ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಸಹಿ ಹಾಕುವುದಿಲ್ಲ. ದಿಮ್ಮಿ ದೀವಿಹಲಸಿನ ಮರದ ಕೆಳಗೇ ಬಿದ್ದಿದೆ. ಬಾ, ಯಾರನ್ನೂ ಕೇಳದೆ ಹೊತ್ತುಕೊಂಡು ಹೋಗು. ನಿನ್ನ ಅತ್ತೆ ಕೂಗಾಡಿದರೆ ಕೂಗಾಡಲಿ. ಅಲ್ಲಿಯವರೆಗೆ ದೇವರು ನಿನ್ನನ್ನೂ ಬಾಯಿಬಿಡದ ನಿನ್ನ ನಟರನ್ನೂ ಕಾಪಾಡಲಿ.

ನಿನ್ನ ಮಾವ,
ಫೋಲೌ

ಬರೆಯಬಾರದೆಂದಿದ್ದೆ, ಬರೆಯುತ್ತೇನೆ: ಜೂನಿನಲ್ಲಿ ನನ್ನ ಮಗಳು ಕಲೋಲೈನೆಯ ಮದುವೆಗೆ ನೀನು ಬರಲಿಲ್ಲ. ತಾಲೀಮು ಇದೆ ಎಂದು ಹೇಳಿಕಳಿಸಿದೆ. ನಿನ್ನ ಅಮ್ಮ ತೀರಿದ ಮೇಲೆ, ಮದುವೆಯಲ್ಲಿ ಫಾಹು ಕೂರುವ, ಎಲ್ಲಕ್ಕಿಂತ ಮೇಲಿನ ಚಾಪೆ ನಿನ್ನದು. ಅದರ ಮೇಲೆ ಯಾರನ್ನೂ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಶನಿವಾರ ಊಟದ ಹೊತ್ತಿಗೆ ಜನ, “ಎಲ್ಲಿ ನಿನ್ನ ಫಾಹು?” ಎಂದು ಕೇಳಿದರು. “ನಾಳೆಯ ವಿಮಾನಕ್ಕೆ ಬರ್ತಾಳೆ” ಎಂದುಬಿಟ್ಟೆ. ಭಾನುವಾರ ನಮ್ಮ ದೇಶದಲ್ಲಿ ವಿಮಾನ ಹಾರುವುದಿಲ್ಲವೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೂ ಯಾರೂ ನಗಲಿಲ್ಲ. ನನ್ನ ಮಾತಿಗೆ ಈ ಊರಿನಲ್ಲಿ ಯಾರೂ ನಗದೇ ಇದ್ದದ್ದು ಅದೇ ಮೊದಲು.