ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದ ವಿ. ಜಿ. ಅವರಿಗೆ

ಹೊಸಬಾವಿ ವಸತಿ, ವಿಜಯಪುರ ಸೀಮೆ
ಆಗಸ್ಟ್ 31, 2178

ಮಾನ್ಯರೇ,

ಮೇಲಿನ ತಾರೀಖು ಕೈತಪ್ಪಿ ಬಂದದ್ದಲ್ಲ. ನೀವು ಪೆನ್ಸಿಲ್ ಕೆಳಗಿಟ್ಟು ನೂರೈವತ್ತು ವರ್ಷ ದಾಟಿದೆ. ಈ ಪತ್ರ ನಿಮ್ಮನ್ನು ಮುಟ್ಟುವ ದಾರಿ ನನಗೆ ಗೊತ್ತಿಲ್ಲ, ಬರೆಯದೆ ಇರಲಾಗಲಿಲ್ಲ ಅಷ್ಟೆ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾವು ಈಗ ಬರೆಯುವುದೇ ಕಡಿಮೆ. ನಿಮ್ಮ ಕಾಲದ ಕಾದಂಬರಿಗಳನ್ನು ಓದಿ ಓದಿ ಈ ಬರವಣಿಗೆ ಕಲಿತಿದ್ದೇನೆ, ಆದ್ದರಿಂದ ಅಲ್ಲಲ್ಲಿ ಅಜ್ಜನ ಕೋಟು ತೊಟ್ಟವರ ಹಾಗೆ ತೋಳು ಉದ್ದವಾಗಿರಬಹುದು.

ನನ್ನ ಹೆಸರು ಮಹಾನಂದಾ ಕಲಾದಗಿ. ಇಲ್ಲಿಯ ನೆಲಮನೆ ಗ್ರಂಥಾಲಯವನ್ನು ನೋಡಿಕೊಳ್ಳುತ್ತೇನೆ. ನೆಲಮನೆ ಎಂದರೆ ಬಂಡೆ ಕೊರೆದು ನೆಲದೊಳಗೆ ಕಟ್ಟಿದ ದೊಡ್ಡ ಕೋಣೆ. ನಮ್ಮಲ್ಲಿ ಬೆಳಗಿನ ಐದೂವರೆಗೆ ಶಾಲೆ ಶುರುವಾಗಿ ಹತ್ತಕ್ಕೆ ಬಿಡುತ್ತದೆ. ಆಮೇಲೆ ಸಂಜೆ ನಾಲ್ಕೂವರೆಯವರೆಗೆ ಯಾರೂ ಬಿಸಿಲಿಗೆ ಬರುವಂತಿಲ್ಲ. ಅದಕ್ಕೆ ಮುಚ್ಚುಹೊತ್ತು ಎನ್ನುತ್ತೇವೆ. ಮಕ್ಕಳು ಆ ಹೊತ್ತನ್ನು ನೆಲಮನೆಗಳಲ್ಲಿ ಕಳೆಯುತ್ತಾರೆ, ಬಹುಪಾಲು ಕಿವಿಗತೆ ಕೇಳುತ್ತ. ಕಿವಿಗತೆ ಎಂದರೆ ಕಿವಿಯ ಹಿಂದೆ ಅಂಟಿಸಿಕೊಳ್ಳುವ ಜೋಳದ ಕಾಳಿನಷ್ಟು ಸಣ್ಣ ಯಂತ್ರ. ಅದು ಪ್ರತಿ ಮಗುವಿಗೂ ಬೇರೆ ಬೇರೆ ಕಥೆ ಹೇಳುತ್ತದೆ. ಮಗು ಹೆದರಿ ಎದೆ ಬಡಿದುಕೊಂಡರೆ ಹುಲಿ ಹಿಂದೆ ಸರಿಯುತ್ತದೆ, ಬೇಸರ ಬಂದರೆ ಹೊಸಬರು ಬರುತ್ತಾರೆ, ಕಣ್ಣು ತುಂಬಿದರೆ ಸತ್ತವರು ಎದ್ದು ಕೂರುತ್ತಾರೆ. ನಾನು ದೂರುತ್ತಿಲ್ಲ. ನಾನೂ ಅದನ್ನೇ ಕೇಳಿ ಬೆಳೆದವಳು. ಆದರೆ ಹನ್ನೆರಡು ವರ್ಷದ ಮಗು ತನಗಾಗಿ ಒಮ್ಮೆಯೂ ದಾರಿ ಬದಲಿಸದ ಕಥೆಯೊಂದನ್ನು ಕಂಡೇ ಇರುವುದಿಲ್ಲ.

ಆರು ವರ್ಷದ ಹಿಂದೆ ನಮ್ಮ ಶಾಲೆ ಒಂದು ನಿಯಮ ತಂದಿತು. ಆರರಿಂದ ಎಂಟನೆಯ ತರಗತಿಯ ಮಕ್ಕಳು ವರ್ಷಕ್ಕೆ ಮೂರು ಕಾದಂಬರಿಗಳನ್ನು ಕಾಗದದ ಮೇಲೆ ಓದಲೇಬೇಕು. ಯಾವ ಮಗುವಿಗೆ ಯಾವುದು ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನೆಲಮನೆಯಲ್ಲಿ ನಾಲ್ಕು ಸಾವಿರ ಕಾದಂಬರಿಗಳಿದ್ದವು. ನಾನು ಓದಿದ್ದು ಹನ್ನೊಂದು. ಮೊದಲ ವರ್ಷ ತೆಳ್ಳಗಿದ್ದವನ್ನು ಆರಿಸಿ ಕೊಟ್ಟೆ. ಎರಡೇ ದಿನಕ್ಕೆ ವಾಪಸು ಬಂದವು. ‘ಇದು ನನ್ನ ಮಾತು ಕೇಳೂದಿಲ್ಲ’ ಎನ್ನುವುದು ಮಕ್ಕಳ ದೂರು. ಎರಡನೆಯ ವರ್ಷ, ಯಾವುದೋ ಮಾಧ್ಯಮಿಕ ಶಾಲೆಯ ಮಾಸಿದ ಮೊಹರಿದ್ದ ಪುಸ್ತಕಗಳ ಕಟ್ಟೊಂದನ್ನು ಬಿಚ್ಚಿದಾಗ ನೀವು ಸಿಕ್ಕಿರಿ.

ಪ್ರತಿಯೊಂದರ ಕೊನೆಯ ಪುಟದಲ್ಲೂ ಸಣ್ಣ ಅಕ್ಷರದಲ್ಲಿ ಬರೆದು, ವಿ. ಜಿ. ಎಂದು ಸಹಿ ಹಾಕಿ, ವರ್ಷ ನಮೂದಿಸಿದ್ದಿರಿ. ‘ಆರನೆಯವರಿಗೆ. ನಾಯಿ ಸಾಯುವುದಿಲ್ಲ, ಕೊಡುವಾಗಲೇ ಹೇಳಿಬಿಡಿ, ಇಲ್ಲದಿದ್ದರೆ ನಡುವೆ ಓದು ನಿಲ್ಲಿಸುತ್ತಾರೆ.’ ‘ಮೊದಲ ಎರಡು ಅಧ್ಯಾಯ ನೀರಸ. ಮೂರರಲ್ಲಿ ದೋಣಿ ಮಗುಚುತ್ತದೆ. ಅಲ್ಲಿಯವರೆಗೆ ನೀವೇ ಓದಿ ಹೇಳಿ.’ ‘ಲೆಕ್ಕದಲ್ಲಿ ಜಾಣರಿದ್ದು ಆಟಕ್ಕೆ ಯಾರೂ ಕರೆಯದ ಮಕ್ಕಳಿಗೆ.’ ‘ಒಯ್ದವನು ವಾಪಸು ತರಲಿಲ್ಲ. ಇನ್ನೊಂದು ಪ್ರತಿ ತರಿಸಿದೆ.’ ನಾನು ಆ ನೆಲದ ಮೇಲೆಯೇ ಕೂತು ಮುಚ್ಚುಹೊತ್ತು ಮುಗಿಯುವವರೆಗೆ ಕೊನೆಯ ಪುಟಗಳನ್ನಷ್ಟೇ ಓದಿದೆ. ನೀವು ಹೆಂಗಸೋ ಗಂಡಸೋ, ಮುಂಗೋಪಿಯೋ ಶಾಂತರೋ ತಿಳಿಯದು. ಆದರೆ ಮಗುವಿನ ಮುಖ ನೋಡಿ ಪುಸ್ತಕ ತೆಗೆಯುತ್ತಿದ್ದಿರಿ ಎಂಬುದು ತಿಳಿಯಿತು.

ನಿಮ್ಮನ್ನು ನಂಬಿ ಪೇಚಿಗೆ ಸಿಕ್ಕಿಕೊಂಡದ್ದೂ ಉಂಟು. ಒಂದು ಮದುವೆಮನೆಯ ಕಾದಂಬರಿಗೆ ‘ಯಾರಿಗೆ ಕೊಟ್ಟರೂ ನಗುತ್ತಾರೆ’ ಎಂದು ಬರೆದಿದ್ದಿರಿ. ಎಂಟನೆಯ ತರಗತಿಯ ನಾಲ್ವರಿಗೆ ಕೊಟ್ಟೆ, ಒಬ್ಬರೂ ನಗಲಿಲ್ಲ. ಅದರಲ್ಲಿ ಬೀಗರ ಸಿಟ್ಟಿಗೆ ಹಂಡೆ ನೀರನ್ನೆಲ್ಲ ಅಂಗಳಕ್ಕೆ ಸುರಿಯುವ ಪ್ರಸಂಗ ಬರುತ್ತದಲ್ಲ, ಮಕ್ಕಳು ಅಲ್ಲಿಗೆ ಬಂದು ಸಣ್ಣ ಮುಖ ಮಾಡಿಕೊಂಡು ಪುಸ್ತಕ ಮುಚ್ಚಿದರು. ನಮ್ಮಲ್ಲಿ ಪ್ರತಿ ಮನೆಗೂ ತಲೆಯ ಲೆಕ್ಕದಲ್ಲಿ ನೀರಪಾಲು ಬರುತ್ತದೆ. ಪಾಲು ಮೀರಿದ ಮನೆಯವರನ್ನು ಬೇರೆ ವಸತಿಗೆ ಕಳಿಸುತ್ತಾರೆ. ಅದಕ್ಕೆ ಎತ್ತಂಗಡಿ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಸರ್ಕಾರಿ ನೌಕರರಿಗಷ್ಟೇ ಅದು ಆಗುತ್ತಿತ್ತಂತೆ.

ಈಗ ದಾನಮ್ಮನ ವಿಷಯ ಹೇಳಬೇಕು. ಈ ಪತ್ರ ಬರೆಯಲು ಕಾರಣ ಅವಳೇ.

ದಾನಮ್ಮ ಏಳನೆಯ ತರಗತಿಯವಳು. ತಂದೆ ಶಿವಶರಣಪ್ಪ ಮುಚ್ಚುಗಾಲುವೆಗಳ, ಎಂದರೆ ನೀರು ಆರದಂತೆ ಮೇಲೆ ಕಲ್ಲು ಹಾಸಿದ ಕಾಲುವೆಗಳ, ದುರಸ್ತಿ ಮಾಡುವವರು. ಕಳೆದ ವರ್ಷದವರೆಗೂ ಅವಳು ಬಾಯಿಬಡುಕಿ. ಅವಳ ಜೊತೆ ಯಾವಾಗಲೂ ರಜಿಯಾ ಇರುತ್ತಿದ್ದಳು. ನವೆಂಬರಿನಲ್ಲಿ ರಜಿಯಾಳ ಮನೆಯವರಿಗೆ ಕರಿಕಲ್ಲು ವಸತಿಗೆ ಎತ್ತಂಗಡಿಯಾಯಿತು. ಅಲ್ಲಿಂದ ದಾನಮ್ಮ ಮಾತು ಬಿಟ್ಟಳು. ಮುಚ್ಚುಹೊತ್ತು ಪೂರ್ತಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕಿವಿಗತೆ ಕೇಳುತ್ತಿದ್ದಳು, ಒಮ್ಮೊಮ್ಮೆ ತುಟಿ ಅಲ್ಲಾಡುತ್ತಿತ್ತು. ಗೆಳತಿ ಹೋದ ದುಃಖ ಎಂದುಕೊಂಡೆ. ಓದಿನ ಸರದಿ ಬಂದಾಗ ನಿಮ್ಮ ಕಟ್ಟಿನಿಂದ ಇಬ್ಬರು ಗೆಳತಿಯರ ಕಾದಂಬರಿಯೊಂದನ್ನು ತೆಗೆದೆ. ಅದರಲ್ಲಿ ನೀವು ಬರೆದದ್ದು ಹೀಗಿತ್ತು: ‘ಇವರು ಕೊನೆಗೂ ಒಂದಾಗುವುದಿಲ್ಲ. ಏಳನೆಯವರಿಗೆ ಕೊಡಬಹುದೇ ಎಂದು ಒಂದು ವರ್ಷ ಯೋಚಿಸಿದೆ. ಕೊಟ್ಟೆ. ಹುಡುಗಿ ಅತ್ತಳು. ಮುಂದಿನ ವಾರ ಬಂದು ಇನ್ನೊಂದು ಕೇಳಿದಳು.’ ನಾನು ಒಂದು ವಾರವಷ್ಟೇ ಯೋಚಿಸಿ ಕೊಟ್ಟೆ.

ಒಂಬತ್ತನೆಯ ದಿನ ಪುಸ್ತಕ ನನ್ನ ಮೇಜಿಗೆ ಬಂತು. ಕೊನೆಯ ಹಾಳೆ ಇರಲಿಲ್ಲ. ಬುಡದಿಂದ ಹರಿದಿತ್ತು.

ನಮ್ಮಲ್ಲಿ ಕಾಗದದ ಪುಸ್ತಕ ಹರಿಯುವುದು ಸಣ್ಣ ತಪ್ಪಲ್ಲ. ಹಾಗೆ ಮಾಡಿದವರ ಇಡೀ ತರಗತಿಗೆ ಪುಸ್ತಕ ನಿಲ್ಲುತ್ತದೆ. ಗ್ರಂಥ ಸಮಿತಿಯ ಹಿರಿಯರಲ್ಲಿ ಇಬ್ಬರಿಗೆ ಈ ಓದಿನ ನಿಯಮವೇ ಹಿಡಿಸಿರಲಿಲ್ಲ. ಅವರಿಗೆ ಇದು ತಿಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಾನು ಬಾಗಿಲು ಮುಂದಕ್ಕೆ ಮಾಡಿ ದಾನಮ್ಮನನ್ನು ಕೂರಿಸಿ ಹಾಳೆ ಎಲ್ಲಿ ಎಂದು ಕೇಳಿದೆ. ಅವಳು ಪಾಟೀಚೀಲದಿಂದ ತೆಗೆದಳು. ನಾಲ್ಕು ಮಡಿಕೆಯಾಗಿತ್ತು. ಯಾಕೆ ಹರಿದೆ ಎಂದಾಗ ಐದು ತಿಂಗಳಲ್ಲಿ ಮೊದಲ ಸಲ ನನ್ನ ಎದುರು ಬಾಯಿ ತೆರೆದಳು.

“ಕಿವಿಗತಿಗೆ ಓದಿ ಹೇಳಿದೆ ಅಕ್ಕೋರ. ಕೊನಿ ಬದಲ ಮಾಡು ಅಂದೆ. ಏಳ ಸಲ ಇಬ್ಬರನ್ನೂ ಕೂಡಿಸ್ತು. ಒಂದೂ ಖರೆ ಅನಸ್ಲಿಲ್ಲ.”

ಹಾಳೆ ಹರಿದದ್ದು ಆ ಸಿಟ್ಟಿಗೆ. ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ರಜಿಯಾಳ ಅಜ್ಜಿ ಬೇರೆ ವಸತಿಯಿಂದ ಬಂದು, ನೀರಪಾಲಿನ ತಲೆಯ ಪಟ್ಟಿಯಲ್ಲಿ ಹೆಸರಿಲ್ಲದೆ ಅವರ ಮನೆಯಲ್ಲಿದ್ದರು. ಮಾತು ನಿಂತುಹೋದ ಮುದುಕಿಯನ್ನು ಮಗಳು ಬಿಡಲಾರದೆ ಇಟ್ಟುಕೊಂಡಿದ್ದಳು. ರಜಿಯಾ ಅದನ್ನು ಹೇಳಿದ್ದು ದಾನಮ್ಮನೊಬ್ಬಳಿಗೆ. ಶಾಲೆಯ ನಾಟಕದಲ್ಲಿ ರಾಣಿಯ ಪಾತ್ರ ತನಗೆ ಬಾರದೆ ರಜಿಯಾಳಿಗೆ ಹೋದ ದಿನ ದಾನಮ್ಮ ಎಲ್ಲರೆದುರು ಅದನ್ನು ಆಡಿಬಿಟ್ಟಳು. ಒಂದು ತಿಂಗಳಲ್ಲಿ ಎತ್ತಂಗಡಿಯ ಪಟ್ಟಿ ಬಂತು. ಇವಳ ಮಾತೇ ಕಾರಣವೋ, ಮೊದಲೇ ತಿಳಿದಿತ್ತೋ ಯಾರೂ ಹೇಳಲಾರರು. ರಜಿಯಾ ಹೋಗುವಾಗ ಇವಳ ಕಡೆ ತಿರುಗಿ ನೋಡಲಿಲ್ಲ. ಆ ಐದು ತಿಂಗಳೂ ಕಿವಿಗತೆಯಲ್ಲಿ ಪ್ರತಿ ಮಧ್ಯಾಹ್ನ ರಜಿಯಾ ತಿರುಗಿ ಬರುತ್ತಿದ್ದಳು, ಪ್ರತಿ ಮಧ್ಯಾಹ್ನ ಕ್ಷಮಿಸುತ್ತಿದ್ದಳು. ಈ ಪುಸ್ತಕ ಓದಿದ ಮೇಲೆ ಅದು ಹಿಡಿಸದಾಯಿತು.

ಮುಂದೇನು ಮಾಡಬೇಕೆಂದು ನಿಮ್ಮ ಟಿಪ್ಪಣಿಯಲ್ಲಿ ಇರಲಿಲ್ಲ. ಅವಳ ತಂದೆಯನ್ನು ಕರೆಸಿದೆ. ಶಿವಶರಣಪ್ಪ ಹರಿದ ಹಾಳೆಯನ್ನು ನೋಡಿ ನಾಚಿಕೆಯಿಂದ ಕುಗ್ಗಿದರು, ಮಗಳ ಉಳಿದ ಕಥೆ ಕೇಳಿ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ದಾನಮ್ಮ ಅವರನ್ನು ಕೇಳಿದ್ದು ಒಂದೇ: ಕರಿಕಲ್ಲಿನ ಕಾಲುವೆ ಕೆಲಸಕ್ಕೆ ಹೋಗುವಾಗ ತನ್ನನ್ನೂ ಕರೆದುಕೊಂಡು ಹೋಗಬೇಕು. ಅವರು ಮೊದಲು ಒಪ್ಪಲಿಲ್ಲ. ಆ ಮನೆಯವರಿಗೆ ಯಾವ ಮುಖ ತೋರಿಸುವುದು ಎಂಬುದು ಅವರ ಚಿಂತೆ. ಆದರೂ ಮುಂದಿನ ವಾರ ನಸುಕಿನ ನೀರಬಂಡಿಯಲ್ಲಿ ಮೂರು ತಾಸು ಪಯಣಿಸಿ ಮಗಳನ್ನು ಕರೆದೊಯ್ದರು. ಹಾಳೆ ಅಂಟಿಸಿದ ಪುಸ್ತಕವನ್ನು ನಾನು ಅವಳ ಕೈಗೆ ಕೊಟ್ಟೆ. ಸಮಿತಿಗೆ ಇನ್ನೂ ತಿಳಿಸಿರಲಿಲ್ಲ. ಅದು ನನ್ನ ತಪ್ಪು.

ಅಲ್ಲಿ ನಡೆದದ್ದನ್ನು ಶಿವಶರಣಪ್ಪ ನನಗೆ ಹೇಳಿದರು. ರಜಿಯಾಳ ತಾಯಿ ಬಾಗಿಲಲ್ಲಿ ಇವರನ್ನು ನೋಡಿ ಒಳಗೆ ಕರೆಯಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ಅಜ್ಜಿ ಜನವರಿಯಲ್ಲಿ ತೀರಿಹೋಗಿದ್ದರು. ಅದು ಇವರಿಗೆ ಗೊತ್ತಿರಲಿಲ್ಲ. ದಾನಮ್ಮ ನಿಂತಲ್ಲಿಯೇ, ತಾನು ಆಡಿದ ಮಾತನ್ನು ಯಾರೆದುರು, ಯಾವ ಸಿಟ್ಟಿಗೆ, ಹೇಗೆ ಆಡಿದೆ ಎಂದು ಏನೂ ಬಿಡದೆ ಹೇಳಿದಳು. ರಜಿಯಾ ಕೇಳಿಸಿಕೊಂಡು ಒಳಗೆ ಹೋದಳು. ಇವರು ಮುಚ್ಚುಹೊತ್ತಿಗೆ ಕಾಲುವೆಯವರ ಕೊಠಡಿಯಲ್ಲಿ ಇಳಿದುಕೊಂಡರು. ಸಂಜೆ ಹೊರಡುವ ವೇಳೆಗೆ ರಜಿಯಾ ಅಲ್ಲಿಗೆ ಬಂದಳು.

“ನಾ ಮರ್ತಿಲ್ಲ. ಮರಿಯೂದೂ ಇಲ್ಲ,” ಎಂದಳಂತೆ. “ಆದ್ರ ನೀ ಬಂದೀದಿ.”

ದಾನಮ್ಮ ಪುಸ್ತಕ ಕೊಟ್ಟಳು, ರಜಿಯಾ ತೆಗೆದುಕೊಂಡಳು. ಇಬ್ಬರೂ ಅಪ್ಪಿಕೊಳ್ಳಲಿಲ್ಲ. ಬಂಡಿ ಹೊರಟಿತು.

ಮರುದಿನ ನಾನೇ ಸಮಿತಿಯ ಮುಂದೆ ಹೋಗಿ, ಮಕ್ಕಳ ಮನೆಯ ಮಾತು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಹರಿದ ಪುಸ್ತಕವನ್ನು ವಸತಿಯ ಹೊರಗೆ ಕಳಿಸಿದ್ದು ಇನ್ನೂ ದೊಡ್ಡ ಅಪರಾಧವಾಯಿತು. ಏಳನೆಯ ತರಗತಿಗೆ ಎರಡು ತಿಂಗಳು ಪುಸ್ತಕ ನಿಲ್ಲಿಸಿದರು. ನನಗೆ ಕೆಲಸದಲ್ಲಿ ಒಂದು ವರ್ಷದ ಪರೀಕ್ಷಾ ಅವಧಿ ಹಾಕಿದರು. ತರಗತಿಯ ಮಕ್ಕಳು ದಾನಮ್ಮನ ಮೇಲೆ ಸಿಟ್ಟಾದರು. ಆಶ್ಚರ್ಯವೆಂದರೆ ಅವರು ಸಿಟ್ಟಾದದ್ದು ಅರ್ಧ ಓದಿದ ಪುಸ್ತಕಗಳು ಕೈತಪ್ಪಿದ್ದಕ್ಕೆ. ಒಬ್ಬನಿಗೆ ದೋಣಿ ಆಗಷ್ಟೇ ಮಗುಚಿತ್ತು. ಅವನು ದಿನಾ ನನ್ನ ಬಾಗಿಲಿಗೆ ಬಂದು, ದೋಣಿಯಲ್ಲಿದ್ದವರಲ್ಲಿ ಯಾರು ಉಳಿದರು ಎಂಬುದನ್ನಾದರೂ ಹೇಳಿ ಎಂದು ಪೀಡಿಸಿದ. ನಾನು ಹೇಳಲಿಲ್ಲ.

ದಾನಮ್ಮ ಈಗ ಮಾತಾಡುತ್ತಾಳೆ, ಮೊದಲಿನಷ್ಟಲ್ಲ. ಕರಿಕಲ್ಲಿನಿಂದ ಜುಲೈಯಲ್ಲಿ ಪುಸ್ತಕ ವಾಪಸು ಬಂತು. ಜೊತೆಗಿಟ್ಟ ಚೀಟಿಯಲ್ಲಿ ರಜಿಯಾ ದಾನಮ್ಮನ ಹೆಸರು ಬರೆದಿರಲಿಲ್ಲ. ಬೇರೊಂದು ಕಾದಂಬರಿ ಬೇಕು, ಇದಕ್ಕಿಂತ ದಪ್ಪದ್ದು, ಎಂದಷ್ಟೇ ಬರೆದಿದ್ದಳು. ಯಾವುದು ಕಳಿಸಲಿ ಎಂದು ದಾನಮ್ಮನನ್ನು ಕೇಳಿದೆ. ಅವಳು ಮೂರು ದಿನ ಕಪಾಟುಗಳ ನಡುವೆ ಓಡಾಡಿ, ನಾನು ಓದಿಯೇ ಇರದ ಒಂದನ್ನು ಆರಿಸಿದಳು. ಕೊನೆಯ ಪುಟದಲ್ಲಿ ಏನೋ ಬರೆದಳು. ನಾನು ನೋಡಲು ಹೋಗಲಿಲ್ಲ.

ಇನ್ನು ಒಂದು ಕೇಳುವುದಿದೆ. ನಿಮ್ಮ ಕಟ್ಟಿನ ತಳದಲ್ಲಿದ್ದ ಕಾದಂಬರಿಯೊಂದರ ಬಗ್ಗೆ. ಊರೆಲ್ಲ ನಂಬುವ ತಂದೆಯೊಬ್ಬ ಸುಳ್ಳು ಹೇಳುತ್ತಾನೆ, ಅದು ಮಗಳಿಗೆ ಮಾತ್ರ ಗೊತ್ತು, ಅವಳು ಹೇಳಬೇಕೋ ಬೇಡವೋ ಎಂಬುದರಲ್ಲಿ ಕಥೆ ಮುಗಿಯುತ್ತದೆ. ಅದರಲ್ಲಿ ನೀವು ಬರೆದದ್ದು ಇಷ್ಟೇ: ‘2024. ಇದನ್ನು ಯಾರಿಗೂ ಕೊಟ್ಟಿಲ್ಲ. ಕಾರಣ’. ಮುಂದೆ ಬರಹವಿಲ್ಲ, ಅಳಿಸಿದ ಗುರುತೂ ಇಲ್ಲ. ಎರಡು ಸಲ ಓದಿದೆ. ಮಕ್ಕಳಿಗೆ ಆಗದಂಥದ್ದು ಏನೂ ಕಾಣಲಿಲ್ಲ. ಬಹಳ ದಿನ ಯೋಚಿಸಿದ ಮೇಲೆ ನನಗೆ ತೋರಿದ್ದು, ಆ ವರ್ಷ ನಿಮ್ಮ ಶಾಲೆಯಲ್ಲಿ ಅಂಥ ತಂದೆಯ ಮಗುವೊಂದು ಇದ್ದಿರಬೇಕು. ಆ ಮಗುವಿನ ಗೆಳೆಯರ ಕೈಗೆ ಈ ಪುಸ್ತಕ ಸಿಗಬಾರದೆಂದು ನೀವು ತಳಕ್ಕೆ ಇಟ್ಟಿರಬೇಕು. ಕಾರಣ ಬರೆದರೆ ಅದೂ ಯಾರದಾದರೂ ಕಣ್ಣಿಗೆ ಬಿದ್ದೀತೆಂದು ನಿಲ್ಲಿಸಿರಬೇಕು.

ಹಾಗಿದ್ದರೆ ನಿಮ್ಮ ಕಾವಲು ಮುಗಿಯಿತು ಎಂದು ತಿಳಿಸಲು ನನಗೆ ಸಂಕೋಚವೂ ಆಗುತ್ತಿದೆ, ಸಮಾಧಾನವೂ ಆಗುತ್ತಿದೆ. ಆ ಮಗು, ಆ ತಂದೆ, ಆ ಊರು, ಅವರ ಬಗ್ಗೆ ಮಾತಾಡಿಕೊಳ್ಳಬಹುದಾಗಿದ್ದ ಬಾಯಿಗಳು, ಯಾವುದೂ ಈಗ ಇಲ್ಲ. ಆರನೆಯ ತರಗತಿಯ ಬಸಮ್ಮ ಎಂಬ ಹುಡುಗಿ ಇದ್ದಾಳೆ. ಯಾರ ಮಾತನ್ನೂ ಸುಲಭವಾಗಿ ನಂಬದ, ನಾನು ಹೇಳಿದ್ದಕ್ಕೂ ಯಾಕೆ ಎನ್ನುವ ಹುಡುಗಿ. ಮುಂದಿನ ಸೋಮವಾರ ಬೆಳಿಗ್ಗೆ ಇದನ್ನು ಅವಳಿಗೆ ಕೊಡುತ್ತಿದ್ದೇನೆ. ಬೇಡವೆನ್ನುವುದಿದ್ದರೆ ಅಷ್ಟರೊಳಗೆ ಹೇಗಾದರೂ ತಿಳಿಸಿ.

ನಿಮ್ಮ ಕೆಲಸದ ಸರದಿಯಲ್ಲಿ ಈಗ ನಿಂತಿರುವ,
ಮಹಾನಂದಾ ಕಲಾದಗಿ